ಬೆಳಗಾವಿಯಿಂದ ಬಾರಾಲಾಚಾ: ಸೈಕಲ್ ಮೇಲೆ ಎತ್ತರದ ಪಾಸ್ ದಾಟುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

2022ರ ಸೆಪ್ಟೆಂಬರ್‌ನಲ್ಲಿ ನಾವು ಮೂವರು ಮನಾಲಿಯಿಂದ ಲೇಹ್‌ವರೆಗೆ ಸೈಕಲ್ ಹೊಡೆದು ಬಂದೆವು. ಆ ದಾರಿಯಲ್ಲಿ ಬಾರಾಲಾಚಾದಂಥ ಪಾಸ್‌ಗಳು, ಅಂದರೆ ಗುಡ್ಡದ ಸಾಲು ದಾಟಿಸುವ ಎತ್ತರದ ದಾರಿಗಳು, ಬರುತ್ತವೆ. ನಾನು ಬೆಳಗಾವಿಯವನು, ನನ್ನ ಕಾಕಾನ ಮಗ ವಿಜಯಪುರದವನು, ಮೂರನೆಯವನು ಬಾಗಲಕೋಟೆಯ ಗೆಳೆಯ. ಬಂದಾಗಿನಿಂದ ಟಿಳಕವಾಡಿಯ ಚಹಾದಂಗಡಿಯಲ್ಲಿ, ಮದುವೆ ಮನೆಯಲ್ಲಿ, ವಾಟ್ಸಾಪ್‌ನಲ್ಲಿ, ಎಲ್ಲಾ ಕಡೆ ಅದೇ ಅದೇ ಪ್ರಶ್ನೆ. ಹೇಳಿ ಹೇಳಿ ಬಾಯಿ ನೋವು ಬಂದಿದೆ. ಅದಕ್ಕೇ ಒಮ್ಮೆ ಕೂತು ಬರೆದಿಟ್ಟಿದ್ದೇನೆ.

ನಾನು ವಿಜಯಪುರದವ. ಹುಟ್ಟಿದಾಗಿನಿಂದ ಸಪಾಟು ನೆಲದಲ್ಲೇ ಸೈಕಲ್ ಹೊಡೆದವ. ನನ್ನಿಂದ ಆಗುತ್ತಾ?

ಆಗುತ್ತದೆ. ನಮ್ಮ ಕಡೆ ಕಾಲಿಗೇನೂ ಬರ ಇಲ್ಲ. ವಿಜಯಪುರ, ಬಾಗಲಕೋಟೆ ಹುಡುಗರು ರಾಷ್ಟ್ರಮಟ್ಟದ ಸೈಕ್ಲಿಂಗ್‌ನಲ್ಲಿ ಎಷ್ಟು ಪದಕ ತಂದಿದ್ದಾರೆ ಅಂತ ನಿಮಗೇ ಗೊತ್ತು. ಆದರೆ ಹಿಮಾಲಯದ ಪಾಸ್‌ನಲ್ಲಿ ಕಾಲು ಕೈಕೊಡುವುದು ಕಮ್ಮಿ, ಕೈಕೊಡುವುದು ತಲೆ ಮತ್ತು ಹೊಟ್ಟೆ. ಬೆಳಗಾವಿ ಇರುವುದು ಸುಮಾರು 750 ಮೀಟರ್ ಎತ್ತರದಲ್ಲಿ, ವಿಜಯಪುರ 600ರ ಆಸುಪಾಸು. ಅಲ್ಲಿ ಬಾರಾಲಾಚಾ ಲಾ 4890 ಮೀಟರ್ ಹತ್ತಿರ, ತಂಗ್ಲಾಂಗ್ ಲಾ 5328. ಈ ಲೆಕ್ಕದಲ್ಲಿ ನಾನೂ ಒಂದೇ, ನೀವೂ ಒಂದೇ, ಮುಂಬೈನವನೂ ಒಂದೇ. ಎಲ್ಲರೂ ಕೆಳಗಿನವರೇ.

ಹಾಗಾದರೆ ತಯಾರಿ ಬೇಡವಾ?

ಬೇಕು, ಯಾಕೆ ಬೇಡ. ನಾವು ಆರು ತಿಂಗಳು ಪ್ರತಿ ಭಾನುವಾರ ಚೋರ್ಲಾ ಘಾಟ್ ಹಿಡಿದೆವು. ಬೆಳಗಿನ ಐದಕ್ಕೆ ಬಿಟ್ಟು ಜಾಂಬೋಟಿ, ಕಣಕುಂಬಿ ದಾಟಿ ಗೋವಾ ಕಡೆ ಕೇರಿವರೆಗೆ ಇಳಿಯುವುದು, ಅಲ್ಲಿ ಪಾವ್ ಭಾಜಿ ತಿಂದು ವಾಪಸ್ ಹತ್ತುವುದು. ಆ ಏರು 700 ಮೀಟರ್ ಹತ್ತಿರ. ಸಾಮಾನು ಇಲ್ಲದೆ ಹತ್ತಿದರೆ ಪ್ರಯೋಜನ ಇಲ್ಲ. ಹಿಂದಿನ ಕ್ಯಾರಿಯರ್‌ಗೆ ಎರಡೂ ಕಡೆ ಚೀಲ ಕಟ್ಟಿ, ಒಂದೊಂದರಲ್ಲಿ ಐದೈದು ಕಿಲೋ ಜೋಳ ತುಂಬಿಕೊಂಡು ಹತ್ತಿ. (ನಮ್ಮವ್ವ ಆ ಜೋಳ ನೋಡಿ, "ಗಿರಣಿಗೆ ಒಯ್ಯಾಕ ಬರಂಗಿಲ್ಲ, ಗೋವಾಕ್ಕ ಒಯ್ತೀ ಏನೋ?" ಅಂತ ಕೇಳಿದ್ದಳು.)

ವಿಜಯಪುರದವರಿಗೆ ಘಾಟ್ ಇಲ್ಲ, ಗಾಳಿ ಇದೆ. ಸೊಲ್ಲಾಪುರ ರಸ್ತೆಯಲ್ಲಿ ಮಧ್ಯಾಹ್ನ ಎದುರು ಗಾಳಿಗೆ ಮೂರು ತಾಸು ತುಳಿಯುವುದೂ ಒಂದು ಏರೇ. ಕಾಕಾನ ಮಗ ಅಷ್ಟೇ ಮಾಡಿದ್ದು. ಪಾಂಗ್ ದಾಟಿದ ಮೇಲೆ ಬರುವ ಮೋರೆ ಮೈದಾನದಲ್ಲಿ, 40 ಕಿಲೋಮೀಟರ್ ಸಪಾಟು, ಮಧ್ಯಾಹ್ನದ ಗಾಳಿ ಎದೆಗೆ ಬಡಿಯುತ್ತಿದ್ದಾಗ ನಮ್ಮಿಬ್ಬರನ್ನು ಬೆನ್ನ ಹಿಂದೆ ಇಟ್ಟುಕೊಂಡು ಎಳೆದವನು ಅವನೇ.

ಯಾವ ತಿಂಗಳಲ್ಲಿ ಹೋಗೋದು ಛಲೋ?

ರಸ್ತೆ ಸಾಮಾನ್ಯವಾಗಿ ಜೂನ್‌ನಿಂದ ಅಕ್ಟೋಬರ್ ಮೊದಲ ವಾರದವರೆಗೆ ಸಿಗುತ್ತದೆ. ಜುಲೈ-ಆಗಸ್ಟ್‌ನಲ್ಲಿ ಮನಾಲಿ ಕಡೆ ಮಳೆ ಜಾಸ್ತಿ, ಗುಡ್ಡ ಕುಸಿಯುತ್ತದೆ. ಬಾರಾಲಾಚಾ ದಾಟಿದರೆ ಅದೇ ದಿನ ಒಣ ಮರುಭೂಮಿ. ಇದು ನಮಗೆ ಹೊಸದೇನಲ್ಲ. ಕಣಕುಂಬಿಯಲ್ಲಿ ಕೊಡೆ ಮುರಿಯುವಷ್ಟು ಮಳೆ ಬೀಳುವಾಗ ವಿಜಯಪುರದಲ್ಲಿ ರೈತ ಆಕಾಶ ನೋಡುತ್ತಾ ಕೂತಿರುತ್ತಾನಲ್ಲ, ಹಾಗೇ. ಗುಡ್ಡ ಮಳೆಯನ್ನು ಈಚೆಗೇ ಹಿಂಡಿಬಿಡುತ್ತದೆ. ಸೆಪ್ಟೆಂಬರ್ ನನಗೆ ಸರಿ ಕಂಡಿತು. ಮಳೆ ಇಳಿದಿರುತ್ತದೆ, ಚಳಿ ಇನ್ನೂ ಪೂರ್ತಿ ಬಂದಿರುವುದಿಲ್ಲ.

ಈಗ ಅಟಲ್ ಸುರಂಗ ಇದೆಯಲ್ಲ. ರೋಹ್ತಾಂಗ್ ಯಾಕೆ ಹತ್ತಬೇಕು?

ರೋಹ್ತಾಂಗ್ ಪಾಸ್ ಕೆಳಗೆ ಹಾದುಹೋಗುವ ಈ ಸುರಂಗ 2020ರ ಅಕ್ಟೋಬರ್ 3ರಂದು ಶುರುವಾಯಿತು, ಉದ್ದ 9.02 ಕಿಲೋಮೀಟರ್. ಕಾರಿನವರಿಗೆ ದೊಡ್ಡ ಉಪಕಾರ ಆಯಿತು. ಆದರೆ ಸೈಕಲ್‌ನವರಿಗೆ ರೋಹ್ತಾಂಗ್ ಅಂದರೆ ಪುಕ್ಕಟೆ ಸಿಗುವ ಔಷಧಿ. ಮನಾಲಿ 2050 ಮೀಟರ್, 51 ಕಿಲೋಮೀಟರ್ ಹತ್ತಿದರೆ ರೋಹ್ತಾಂಗ್ 3978. ಒಂದೇ ದಿನಕ್ಕೆ ಹೋಗಬೇಡಿ, ನಡುವೆ ಮಾರ್ಹಿಯಲ್ಲಿ ಮಲಗಿ. ಮರುದಿನ ಪಾಸ್ ದಾಟಿ ಆಚೆ ಕೋಕ್ಸರ್ ಇಲ್ಲವೇ ಸಿಸ್ಸುಗೆ ಇಳಿದರೆ ಮತ್ತೆ 3100ರ ಆಸುಪಾಸು. ದೇಹಕ್ಕೆ ಸುಮಾರು 4000 ಮೀಟರ್‌ನ ರುಚಿ ತೋರಿಸಿ, ಕೆಳಗೆ ತಂದು ಮಲಗಿಸಿದಂತಾಯಿತು. ಮೇಲೆ ಹತ್ತು, ಕೆಳಗೆ ಮಲಗು. ಇದೊಂದು ಸೂತ್ರ ಹಿಡಿದರೆ ಉಳಿದದ್ದೆಲ್ಲ ಸಲೀಸು.

ಎತ್ತರದಲ್ಲಿ ನಿಜವಾಗಿ ಏನಾಗುತ್ತದೆ? "ಆಕ್ಸಿಜನ್ ಇರಲ್ಲ" ಅಂತಾರಲ್ಲ.

ಇರುತ್ತದೆ ರೀ. ಗಾಳಿಯಲ್ಲಿ ಅದರ ಪಾಲು ಇಲ್ಲೂ 21 ಪರ್ಸೆಂಟ್, ಅಲ್ಲೂ 21 ಪರ್ಸೆಂಟ್. ಕಮ್ಮಿಯಾಗುವುದು ಗಾಳಿಯ ಒತ್ತಡ. ತಂಗ್ಲಾಂಗ್ ಲಾ ಮೇಲೆ ಅದು ಸಮುದ್ರ ಮಟ್ಟದ ಅರ್ಧಕ್ಕಿಂತ ಚೂರು ಜಾಸ್ತಿ, ಅಷ್ಟೇ. ಅಂದರೆ ಒಂದು ಉಸಿರಿನಲ್ಲಿ ಸಿಗಬೇಕಾದ್ದಕ್ಕೆ ಎರಡು ಉಸಿರು. ಸೈಕಲ್ ಇಳಿದು ಶೂ ಲೇಸ್ ಕಟ್ಟಿ ಎದ್ದರೂ ದಮ್ಮು ಹತ್ತುತ್ತದೆ. ರಾತ್ರಿ ನಿದ್ದೆಯಲ್ಲಿ ಉಸಿರು ನಿಂತಂತಾಗಿ ಗಕ್ಕನೆ ಎಚ್ಚರವಾಗುತ್ತದೆ, ಅದಕ್ಕೆ ಹೆದರಬೇಡಿ, ಬಹಳ ಮಂದಿಗೆ ಆಗುತ್ತದೆ. ದೇಹ ಹೊಂದಿಕೊಳ್ಳುತ್ತದೆ. ಆದರೆ ಅದಕ್ಕೆ ಬೇಕಾಗಿರುವುದು ದಿನಗಳು, ಕಾಲಿನ ಬಲ ಅಲ್ಲ. ಅದಕ್ಕೇ ನಾನು ಯಾರೇ ಕೇಳಿದರೂ ಮೊದಲು ಕೇಳುವುದು ದಿನಕ್ಕೆ ಎಷ್ಟು ಕಿಲೋಮೀಟರ್ ಹೊಡೀತೀರಿ ಅಂತ ಅಲ್ಲ. ಎಲ್ಲೆಲ್ಲಿ ಮಲಗ್ತೀರಿ ಅಂತ.

ಸರಿ, ಎಲ್ಲೆಲ್ಲಿ ಮಲಗಬೇಕು?

ವೈದ್ಯರು ಹೇಳುವ ಲೆಕ್ಕ ಇದು: 3000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ಹಿಂದಿನ ರಾತ್ರಿಗಿಂತ 500 ಮೀಟರ್‌ಗಿಂತ ಜಾಸ್ತಿ ಮೇಲಿರಬಾರದು, ಮೂರು-ನಾಲ್ಕು ದಿನಕ್ಕೊಮ್ಮೆ ಒಂದು ದಿನ ಪೂರ್ತಿ ವಿಶ್ರಾಂತಿ. ಹಗಲು ಎಷ್ಟು ಮೇಲೆ ಹೋಗಿ ಬಂದರೂ ನಡೆಯುತ್ತದೆ. ಮನಾಲಿ-ಲೇಹ್ ರಸ್ತೆಯಲ್ಲಿ ಇದನ್ನು ಪಾಲಿಸುವುದು ಕಷ್ಟ, ಯಾಕೆಂದರೆ ಜಿಸ್ಪಾ 3200, ಆಮೇಲೆ ಹೆಚ್ಚಿನವರು ತಂಗುವ ಸರ್ಚು 4290. ಗಾಡಿಯವರು ಒಂದೇ ದಿನಕ್ಕೆ ಜಿಗಿಯುತ್ತಾರೆ, ರಾತ್ರಿಯೆಲ್ಲ ತಲೆ ಹಿಡಿದುಕೊಂಡು ಕೂರುತ್ತಾರೆ.

ನಾನೀಗ ಮತ್ತೆ ಹೋದರೆ ಹೀಗೆ ಹೋಗುತ್ತೇನೆ: ಮಾರ್ಹಿ, ಸಿಸ್ಸು, ಕೀಲಾಂಗ್, ಜಿಸ್ಪಾದಲ್ಲಿ ಎರಡು ರಾತ್ರಿ, 3800ರ ಹತ್ತಿರದ ಪತ್ಸಿಯೋದಲ್ಲಿ ಒಂದು, ಜಿಂಗ್‌ಜಿಂಗ್ ಬಾರ್‌ನಲ್ಲಿ ಒಂದು, ಆಮೇಲೆ ಬಾರಾಲಾಚಾ ದಾಟಿ ಸರ್ಚು. ಅಲ್ಲಿಂದ ಗಾಟಾ ಲೂಪ್ಸ್ ಅನ್ನುವ 21 ತಿರುವು ಹತ್ತಿ ನಕೀ ಲಾ, ಲಾಚುಲುಂಗ್ ಲಾ, ಪಾಂಗ್. ನಂತರ ಮೋರೆ ಮೈದಾನ, ತಂಗ್ಲಾಂಗ್ ಲಾ, ಇಳಿದು ಉಪ್ಶಿ, ಲೇಹ್. ಹಳೇ ರಸ್ತೆ ಲೆಕ್ಕದಲ್ಲಿ 470 ಚಿಲ್ಲರೆ ಕಿಲೋಮೀಟರ್‌ಗೆ 12ರಿಂದ 14 ದಿನ. "ಇಷ್ಟಕ್ಕೆ ಇಷ್ಟು ದಿನಾ?" ಅಂತ ನಗುವವರು ನಗಲಿ.

ಸರ್ಚು ಬಗ್ಗೆ ಎಲ್ಲರೂ ಯಾಕೆ ಹೆದರಿಸ್ತಾರೆ?

ಸರ್ಚು ಒಂದು ಬೋನು. ಬೇರೆ ಕಡೆ ಹುಷಾರಿಲ್ಲ ಅಂದರೆ ಕೆಳಗೆ ಇಳಿಯಬಹುದು. ಸರ್ಚುವಿನಲ್ಲಿ ಕೆಳಗೆ ಇಳಿಯಬೇಕಾದರೂ ಮೊದಲು ಮೇಲೆ ಹತ್ತಲೇಬೇಕು. ಹಿಂದಕ್ಕೆ ಹೋದರೆ 4890ರ ಬಾರಾಲಾಚಾ, ಮುಂದಕ್ಕೆ ಹೋದರೆ 5065ರ ಲಾಚುಲುಂಗ್. ಅದಕ್ಕೇ ತೀರ್ಮಾನ ಮಾಡಬೇಕಾದ್ದು ಸರ್ಚುವಿನಲ್ಲಿ ಅಲ್ಲ, ಬಾರಾಲಾಚಾಗೆ ಮುಂಚೆ, ಜಿಂಗ್‌ಜಿಂಗ್ ಬಾರ್‌ನಲ್ಲಿ. ಅಲ್ಲಿ ಬೆಳಗ್ಗೆ ಎದ್ದಾಗ ತಲೆನೋವು ಇದ್ದರೆ ಪಾಸ್ ಹತ್ತಬಾರದು. ಇದರಲ್ಲಿ ಚೌಕಾಸಿ ಇಲ್ಲ.

ತಲೆನೋವು ಬಂದರೆ ಒಂದು ಗುಳಿಗೆ ನುಂಗಿ ಹೋದರಾಯಿತು, ಅಲ್ವಾ?

ಇಲ್ಲಿ ನಮ್ಮ ಕಥೆ ಹೇಳಲೇಬೇಕು. ಮೇಲೆ ಬರೆದ ಪತ್ಸಿಯೋ ಇದೆಯಲ್ಲ, ಅದನ್ನು ನಾವು ಬಿಟ್ಟಿದ್ದೆವು. ಜಿಸ್ಪಾದಿಂದ ನೇರ ಜಿಂಗ್‌ಜಿಂಗ್ ಬಾರ್, ಒಂದೇ ದಿನಕ್ಕೆ ಸಾವಿರ ಮೀಟರ್ ಮೇಲೆ. ಮೂವರಲ್ಲಿ ಬಾಗಲಕೋಟೆಯವನೇ ಗಟ್ಟಿ, ಕಾಲೇಜಿನಲ್ಲಿದ್ದಾಗ ರೇಸ್ ಹೊಡೆದವನು. ನಮಗಿಂತ ಒಂದು ತಾಸು ಮೊದಲೇ ಢಾಬಾ ಮುಟ್ಟಿದ್ದ. ನಾವು ಹೋದಾಗ ಗೋಡೆಗೆ ಒರಗಿ ಸುಮ್ನೆ ಕೂತಿದ್ದ. ಚಹಾ ಬೇಡ ಅಂದ. ಶೇಂಗಾ ಹೋಳಿಗೆ ಬೇಡ ಅಂದ. ನಮಗೆ ಅನುಮಾನ ಬರಬೇಕಾಗಿದ್ದು ಆಗಲೇ. ಶೇಂಗಾ ಹೋಳಿಗೆ ಬೇಡ ಅಂದ ಬಾಗಲಕೋಟೆಯವನನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. "ಏನಿಲ್ಲ, ದಣಿವು" ಅಂದ, ನಂಬಿದೆವು.

ರಾತ್ರಿ ಎರಡರ ಸುಮಾರಿಗೆ ಟೆಂಟಿನ ಹೊರಗೆ ವಾಂತಿ ಮಾಡುವ ಸದ್ದು. ಟಾರ್ಚ್ ಹಿಡಿದು ಹೋದರೆ ಮಂಡಿಯೂರಿ ಕೂತಿದ್ದಾನೆ, ಜಾಕೆಟ್ ಕೂಡ ಹಾಕಿಲ್ಲ. ಮಧ್ಯಾಹ್ನದಿಂದಲೇ ತಲೆ ಸಿಡಿಯುತ್ತಿತ್ತಂತೆ. ಯಾಕೆ ಹೇಳಲಿಲ್ಲೋ ಅಂದರೆ, "ನನ್ನಿಂದ ನಿಮಗ ತಡಾ ಆಗಬಾರದಂತ" ಅಂದ. ನೆಲದ ಮೇಲೆ ಗೆರೆ ಎಳೆದು, ಹಿಮ್ಮಡಿಗೆ ಹೆಬ್ಬೆರಳು ಹಚ್ಚಿ ನಡೆ ಅಂದೆವು. ನೆಟ್ಟಗೆ ನಡೆದ, ಸದ್ಯ. ಆ ಗೆರೆ ಮೇಲೆ ತೂರಾಡಿದರೆ ಇಲ್ಲವೇ ಮಾತು ತೊದಲಿದರೆ ಮಿದುಳಿಗೆ ಬಾವು ಬರುತ್ತಿದೆ ಅಂತ ಲೆಕ್ಕ. ಸುಮ್ಮನೆ ಕೂತಾಗಲೂ ಏದುಸಿರು, ಕೆಮ್ಮು, ಗುಲಾಬಿ ಬಣ್ಣದ ನೊರೆ ಕಫ ಬಂದರೆ ಶ್ವಾಸಕೋಶಕ್ಕೆ ನೀರು ತುಂಬುತ್ತಿದೆ ಅಂತ. ಇವೆರಡಕ್ಕೂ ಬೆಳಗಾಗುವವರೆಗೆ ಕಾಯಬಾರದು, ಅದೇ ಕ್ಷಣ ಕೆಳಗೆ ಇಳಿಸಬೇಕು, ಆಕ್ಸಿಜನ್ ಸಿಗುವಲ್ಲಿಗೆ ಒಯ್ಯಬೇಕು.

ಬೆಳಗ್ಗೆ ಮನಾಲಿ ಕಡೆ ಹೊರಟ ಒಂದು ಖಾಲಿ ಲಾರಿ ಸಿಕ್ಕಿತು. ಡ್ರೈವರ್ ಸರ್ದಾರ್‌ಜಿ ಮೂರೂ ಸೈಕಲ್ ಹಿಂದೆ ಹಾಕಿ ತಾಡಪತ್ರಿ ಹಗ್ಗದಲ್ಲಿ ಬಿಗಿದ. ಜಿಸ್ಪಾಗೆ ಇಳಿಯುವಷ್ಟರಲ್ಲಿ ನಮ್ಮವನು ಹಸಿವು ಅಂದ. ಎರಡು ರಾತ್ರಿ ಅಲ್ಲೇ ಮಲಗಿ, ತಲೆನೋವು ಪೂರ್ತಿ ಹೋದ ಮೇಲೆ ಪತ್ಸಿಯೋದಲ್ಲಿ ತಂಗಿ ಮತ್ತೆ ಹತ್ತಿದೆವು. ಈ ಸಲ ಅವನಿಗೆ ಏನೂ ಆಗಲಿಲ್ಲ. ಒಂದು ದಿನ ಉಳಿಸಲು ಹೋಗಿ ನಾಲ್ಕು ದಿನ ಕಳೆದೆವು.

ಗುಳಿಗೆ ವಿಷಯ: ನೋವಿನ ಗುಳಿಗೆ ತಗೊಳ್ಳಬಹುದು, ಆದರೆ ಅದನ್ನು ನುಂಗಿ ಇನ್ನೂ ಮೇಲೆ ಹೋಗಬಾರದು. ಗುಳಿಗೆ ತಗೊಂಡರೆ ಆ ದಿನ ಅಲ್ಲೇ ಇರಿ.

ಎತ್ತರಕ್ಕೆ ಹೊಂದಿಕೊಳ್ಳೋಕೆ ಡಯಾಮಾಕ್ಸ್ ಗುಳಿಗೆ ತಗೋಬೇಕಾ?

ನಿಮ್ಮ ಡಾಕ್ಟರನ್ನು ಕೇಳಿ, ನನ್ನನ್ನಲ್ಲ. ಸಾಮಾನ್ಯವಾಗಿ ಮುಂಜಾಗ್ರತೆಗೆ 125 ಮಿಲಿಗ್ರಾಂ ದಿನಕ್ಕೆರಡು ಸಲ ಬರೆದುಕೊಡುತ್ತಾರೆ. ಸಲ್ಫಾ ಅಲರ್ಜಿ ಇದ್ದರೆ ಮೊದಲೇ ಹೇಳಬೇಕು. ಮೂತ್ರಕ್ಕೆ ಪದೇ ಪದೇ ಹೋಗಬೇಕಾಗುತ್ತದೆ, ಬೆರಳಿನ ತುದಿ ಜುಮ್ ಅನ್ನುತ್ತದೆ. ಹೊಂದಿಕೊಳ್ಳಲು ದೇಹಕ್ಕೆ ಅದು ಸಹಾಯ ಮಾಡುತ್ತದೆ, ಹೊಂದಿಕೊಳ್ಳುವ ಕೆಲಸವನ್ನು ತಾನೇ ಮಾಡುವುದಿಲ್ಲ.

ಎಂಥ ಸೈಕಲ್ ಬೇಕು? ಲಕ್ಷದ್ದು ಬೇಕಾ?

ಬೇಡ. ಸ್ಟೀಲ್ ಇಲ್ಲವೇ ಅಲ್ಯೂಮಿನಿಯಂ ಫ್ರೇಮಿನ ಸಾದಾ ಎಂಟಿಬಿ (ಮೌಂಟನ್ ಬೈಕ್) ಸಾಕು. ನೋಡಬೇಕಾದ್ದು ಗೇರ್. ಮುಂದಿನ ಸಣ್ಣ ಚಕ್ರದ ಹಲ್ಲು ಹಿಂದಿನ ದೊಡ್ಡ ಚಕ್ರದ ಹಲ್ಲಿಗಿಂತ ಕಮ್ಮಿ ಇರಬೇಕು. ನನ್ನದು ಮುಂದೆ 22, ಹಿಂದೆ 34. ಒಮ್ಮೆ ತುಳಿದರೆ ಗಾಲಿ ಪೂರ್ತಿ ಒಂದು ಸುತ್ತು ಕೂಡ ತಿರುಗುವುದಿಲ್ಲ, ಎಮ್ಮೆ ನಡೆದಂತೆ ಹೋಗುತ್ತದೆ. ಅದೇ ಬೇಕಾಗಿರುವುದು. ಟಯರ್ 1.75ರಿಂದ 2 ಇಂಚು ಇರಲಿ. ಜೊತೆಗೆ ಹೆಚ್ಚುವರಿ ಕಡ್ಡಿ, ಬ್ರೇಕ್ ಪ್ಯಾಡ್, ಚೈನ್ ಲಿಂಕ್, ಎರಡು ಟ್ಯೂಬ್. ಮತ್ತು ಹಿಂದಿನ ಗೇರ್ ಬದಲಿಸುವ ಭಾಗವನ್ನು ಫ್ರೇಮಿಗೆ ಹಿಡಿದಿಡುವ ಡಿರೇಲರ್ ಹ್ಯಾಂಗರ್ ಅಂತ ಒಂದು ಸಣ್ಣ ತುಂಡು ಇರುತ್ತದೆ, ಒಂದು ಜಾಸ್ತಿ ಇಟ್ಟುಕೊಳ್ಳಿ. ದಿಲ್ಲಿಯಿಂದ ಮನಾಲಿಗೆ ಹೋಗುವಾಗ ಬಸ್ಸಿನ ಡಿಕ್ಕಿಯಲ್ಲಿ ಯಾರದೋ ಟ್ರಂಕು ಬಿದ್ದು ನನ್ನದು ಬಾಗಿತ್ತು. ಆ ತುಂಡು ಚೀಲದಲ್ಲಿ ಇರದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು.

ಪಾಸ್ ಹತ್ತುವ ದಿನ ಹೇಗಿರುತ್ತದೆ?

ನಿಧಾನ. ಬೇಜಾರಾಗುವಷ್ಟು ನಿಧಾನ. ಬಾರಾಲಾಚಾ ದಿನ ಐದೂವರೆಗೆ ಬಿಟ್ಟೆವು, ನೀರಿನ ಬಾಟಲಿಯ ಮೂತಿ ಹೆಪ್ಪುಗಟ್ಟಿತ್ತು, ಬಾಯಲ್ಲಿಟ್ಟುಕೊಂಡು ಕರಗಿಸಿ ಕುಡಿದೆ. ತಾಸಿಗೆ ಐದು ಕಿಲೋಮೀಟರ್ ಹೋದರೆ ದೊಡ್ಡದು. ನಾನು ಲೆಕ್ಕ ಹಾಕಿಕೊಂಡು ತುಳಿದೆ: ನೂರು ತುಳಿತ, ಹತ್ತು ಉಸಿರು ನಿಲ್ಲುವುದು. ಸೂರಜ್ ತಾಲ್ ಕೆರೆ ಬರುವಷ್ಟರಲ್ಲಿ ಆ ನೂರು ತುಳಿತ ಅರವತ್ತಕ್ಕೆ ಇಳಿದಿತ್ತು. ಭಾಗಾ ನದಿ ಹುಟ್ಟುವುದು ಈ ಕೆರೆಯಲ್ಲೇ. ಹಿಂದಿನ ಮೂರು ದಿನ ನಮ್ಮ ಪಕ್ಕದಲ್ಲಿ ಅಬ್ಬರಿಸುತ್ತಿದ್ದ ಹೊಳೆ ಇಲ್ಲಿ ಸದ್ದಿಲ್ಲದ ಹಸಿರು ನೀರು. ಅಲ್ಲಿಂದ ಪಾಸ್ ಮೇಲಕ್ಕೆ ಸ್ವಲ್ಪವೇ ದೂರ, ಆದರೆ ಆ ಸ್ವಲ್ಪ ದೂರ ಬಹಳ ದೊಡ್ಡದು.

ಮೇಲೆ ಜಾಸ್ತಿ ಹೊತ್ತು ನಿಲ್ಲಬೇಡಿ. ಬೆವರು ತಣ್ಣಗಾದರೆ ನಡುಕ ಹತ್ತುತ್ತದೆ. ಒಂದು ಫೋಟೊ, ಒಂದು ತುಂಡು ಕರದಂಟು, ಇಳಿಯಿರಿ.

ತಳ್ಳಿಕೊಂಡು ಹತ್ತಿದರೆ ಮರ್ಯಾದೆ ಹೋಗಲ್ವಾ?

ಯಾರ ಮುಂದೆ? ಅಲ್ಲಿ ನೋಡುವವರು ಯಾರಿದ್ದಾರೆ? ತಂಗ್ಲಾಂಗ್ ಲಾ ಕೊನೆಯ ಎರಡು ಕಿಲೋಮೀಟರ್ ನಾನು ತಳ್ಳಿದ್ದೇನೆ.

ಊಟದ ಗತಿ ಏನು?

ಢಾಬಾಗಳಲ್ಲಿ ಅನ್ನ, ಬೇಳೆ, ರಾಜ್ಮಾ, ಮ್ಯಾಗಿ, ಆಮ್ಲೆಟ್ ಸಿಗುತ್ತದೆ. ಎತ್ತರದಲ್ಲಿ ನೀರು ಬೇಗ ಕುದಿಯುತ್ತದೆ ಆದರೆ ಸಾಕಷ್ಟು ಬಿಸಿಯಾಗುವುದಿಲ್ಲ. ಸರ್ಚುವಿನಲ್ಲಿ ಸುಮಾರು 86 ಡಿಗ್ರಿಗೇ ಕುದಿ ಬರುತ್ತದೆ. ಕುಕ್ಕರ್ ಇಲ್ಲದೆ ಬೇಳೆ ಬೇಯುವುದಿಲ್ಲ. ಅದಕ್ಕೇ ಯಾವ ಟೆಂಟಿನಲ್ಲಿ ಕುಕ್ಕರ್ ಸೀಟಿ ಕೇಳುತ್ತದೋ ಅಲ್ಲಿಗೆ ನುಗ್ಗಿ.

ಮನೆಯಿಂದ ಒಯ್ಯುವುದರಲ್ಲಿ ನಮ್ಮ ಕಡೆಯವರಷ್ಟು ಪುಣ್ಯವಂತರು ಇಲ್ಲ. ಖಡಕ್ ರೊಟ್ಟಿ ತಿಂಗಳಾದರೂ ಕೆಡುವುದಿಲ್ಲ, ತೂಕ ಇಲ್ಲ. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಸಪ್ಪೆ ಬಾಯಿಗೆ ರುಚಿ ಕೊಡುತ್ತದೆ, ಎತ್ತರದಲ್ಲಿ ಹಸಿವು ಸತ್ತಿರುತ್ತದಲ್ಲ, ಆಗ ಖಾರವೇ ಕಾಪಾಡುವುದು. ಗೋಕಾಕ ಇಲ್ಲವೇ ಅಮೀನಗಡದ ಕರದಂಟು ಅಂತೂ ಬೇಕೇ ಬೇಕು. ತುಪ್ಪದಲ್ಲಿ ಕರಿದ ಅಂಟು, ಬೆಲ್ಲ, ಒಣ ಹಣ್ಣು. ಅಂಗಡಿಯಲ್ಲಿ ಎನರ್ಜಿ ಬಾರ್ ಅಂತ ಮಾರುವುದು ಇದರ ಮುಂದೆ ಏನೂ ಅಲ್ಲ. ಒಂದೇ ತೊಂದರೆ, ಚಳಿಗೆ ಕಲ್ಲಾಗುತ್ತದೆ. ಬೆಳಗ್ಗೆಯೇ ಜಾಕೆಟ್ ಒಳಗಿನ ಜೇಬಿಗೆ ಹಾಕಿಕೊಳ್ಳಿ. ಕುಂದಾ ಒಯ್ಯಬೇಡಿ, ದಿಲ್ಲಿ ಮುಟ್ಟುವ ಮೊದಲೇ ಖಾಲಿಯಾಗುತ್ತದೆ.

ಹತ್ತಿದ ಮೇಲೆ ಇಳಿಯೋದು ಸುಲಭ ಅಲ್ವಾ?

ನನಗೆ ಹತ್ತುವುದಕ್ಕಿಂತ ಇಳಿಯುವುದೇ ಭಯ. ಬೆವರಿದ ಮೈ, ಎದುರಿಗೆ ಕೊರೆಯುವ ಗಾಳಿ, ಬೆರಳು ಮರಗಟ್ಟಿ ಬ್ರೇಕ್ ಹಿಡಿದಿದ್ದೇನೋ ಇಲ್ಲವೋ ಅಂತಲೇ ತಿಳಿಯುವುದಿಲ್ಲ. ಪಾಸ್ ಮೇಲೆಯೇ ಎಲ್ಲಾ ಬಟ್ಟೆ ಹಾಕಿಕೊಳ್ಳಿ. ನಾನು ರೊಟ್ಟಿ ಸುತ್ತಿ ತಂದಿದ್ದ ಪೇಪರನ್ನು ಎದೆಗೆ, ಜಾಕೆಟ್ ಒಳಗೆ ಇಟ್ಟುಕೊಂಡೆ. ನಗಬೇಡಿ, ಗಾಳಿ ಒಳಗೆ ಬರಲಿಲ್ಲ. ಬ್ರೇಕನ್ನು ಒಂದೇ ಸಮ ಒತ್ತಿ ಹಿಡಿಯಬೇಡಿ, ಬಿಟ್ಟು ಬಿಟ್ಟು ಹಿಡಿಯಿರಿ. ಕಾಯ್ದರೆ ಹಿಡಿತ ಹೋಗುತ್ತದೆ.

ರಸ್ತೆ ಮೇಲೆ ನೀರು ಹರಿಯುತ್ತಂತಲ್ಲ?

ಹೌದು, ನಾಲಾಗಳು. ಬಿಸಿಲೇರಿದಂತೆ ಹಿಮ ಕರಗಿ ಮಧ್ಯಾಹ್ನದ ಮೇಲೆ ನೀರು ಏರುತ್ತದೆ. ಬೆಳಗ್ಗೆ ಪಾದ ಮುಳುಗುವಷ್ಟಿದ್ದದ್ದು ಸಂಜೆ ಮಂಡಿಗೆ ಬರುತ್ತದೆ. ಬೆಳಗ್ಗೆಯೇ ದಾಟಿ, ಸಾಕ್ಸ್ ಬಿಚ್ಚಿ ಚಪ್ಪಲಿ ಹಾಕಿಕೊಂಡು ದಾಟಿ.

ಫೋನ್, ದುಡ್ಡು?

ನಮ್ಮ ಕರ್ನಾಟಕದ ಪ್ರೀಪೇಡ್ ಸಿಮ್ ಲಡಾಖ್‌ನಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಡ್ ಬೇಕು. ಅದೂ ಜಿಸ್ಪಾದಿಂದ ಉಪ್ಶಿವರೆಗೆ ನಾವು ಹೋದಾಗ ಬಹುತೇಕ ಸತ್ತ ಹಾಗಿತ್ತು. ಮನೆಯವರಿಗೆ ಮೊದಲೇ ಹೇಳಿಡಿ, ಇಲ್ಲದಿದ್ದರೆ ಐದು ದಿನ ಅವರ ಗತಿ ಕೇಳಬೇಡಿ. ನಗದು ಕೀಲಾಂಗ್‌ನಲ್ಲೇ ತೆಗೆದುಕೊಳ್ಳಿ.

ಸೈಕಲ್ ಬೆಳಗಾವಿಯಿಂದ ಹೇಗೆ ಒಯ್ಯೋದು?

ಬೆಳಗಾವಿ ಮೇಲೆ ಹೋಗುವ ಗೋವಾ ಎಕ್ಸ್‌ಪ್ರೆಸ್ ದಿಲ್ಲಿಯ ನಿಜಾಮುದ್ದೀನ್‌ಗೆ ಮುಟ್ಟಿಸುತ್ತದೆ. ಸೈಕಲ್ ಪಾರ್ಸೆಲ್‌ಗೆ ಹಾಕಬೇಕು. ಹಿಂದಿನ ದಿನವೇ ಸ್ಟೇಷನ್‌ಗೆ ಹೋಗಿ ವಿಚಾರಿಸಿ. ಪೆಡಲ್ ಬಿಚ್ಚಿ, ಹ್ಯಾಂಡಲ್ ತಿರುಗಿಸಿ, ಗೋಣಿಚೀಲ ಸುತ್ತಿ.

ಎಲ್ಲಕ್ಕಿಂತ ಎತ್ತರದ ಪಾಸ್ ಖಾರ್ದುಂಗ್ ಲಾ ಪಾಸ್ ತಾನೇ?

ಮೊದಲಿಗೆ, "ಲಾ" ಅಂದರೇ ಲಡಾಖಿ ಭಾಷೆಯಲ್ಲಿ ಪಾಸ್. ಖಾರ್ದುಂಗ್ ಲಾ ಪಾಸ್ ಅನ್ನುವುದು ನಡು ಸೆಂಟರ್ ಅಂದಂತೆ. ಎರಡನೆಯದು, ಬೋರ್ಡಿನ ಮೇಲೆ 18,380 ಅಡಿ ಅಂತ ಬರೆದಿದ್ದರೂ ಅಳೆದು ನೋಡಿದರೆ 5359 ಮೀಟರ್, ಅಂದರೆ 17,600 ಅಡಿಗೂ ಕಮ್ಮಿ. ಈಗ 5798 ಮೀಟರ್‌ನ ಉಮ್ಲಿಂಗ್ ಲಾ ಅದನ್ನು ಬಹಳ ಹಿಂದೆ ಹಾಕಿದೆ. ಅಲ್ಲಿಗೆ ಹೋಗುವ ಮಾತು ಕಾಕಾನ ಮಗ ತೆಗೆದಿದ್ದಾನೆ, ನಾನಿನ್ನೂ ಹೂಂ ಅಂದಿಲ್ಲ.

ವಾಪಸ್ ಬಂದ ಮೇಲೆ ಏನಾದರೂ ತೊಂದರೆ?

ತುಟಿ ಒಡೆದಿರುತ್ತದೆ, ಮೂಗು ಸುಲಿದಿರುತ್ತದೆ. ಸನ್‌ಸ್ಕ್ರೀನ್ ಹಚ್ಚಿ ಅಂದರೆ ಯಾರೂ ಕೇಳುವುದಿಲ್ಲ. ಆದರೆ ಒಂದು ಲಾಭ ಇದೆ. ಎತ್ತರದಲ್ಲಿದ್ದಾಗ ರಕ್ತದಲ್ಲಿ ಏರಿದ ಕೆಂಪು ಕಣ ಕೆಳಗೆ ಬಂದ ತಕ್ಷಣ ಇಳಿಯುವುದಿಲ್ಲ. ಅದಕ್ಕೇ ಬಂದ ವಾರವೇ ಚೋರ್ಲಾ ಹತ್ತಿ ನೋಡಿ. ನಾವು ಹತ್ತಿದೆವು. ಕೇರಿಯಿಂದ ಮೇಲೆ ಬರುವವರೆಗೂ ಮೂವರೂ ಮಾತಾಡುತ್ತಲೇ ಇದ್ದೆವು, ಒಬ್ಬನಿಗೂ ದಮ್ಮು ಹತ್ತಲಿಲ್ಲ.